ರಾಜನ ಖಜಾನೆ, ಅಣ್ಣನ ಹಗೇವು

"ಅಕ್ಕಾರ, ಡಿಸ್ಕಿನಾಗ ಜಾಗಾನ ಇಲ್ರಿ. ಈ ಗೇಮ್ ತಗದ ಒಗೀಲೇನ್ರಿ?"

ಮೊನ್ನೆ ಕಂಪ್ಯೂಟರ್ ರಿಪೇರಿಗೆ ಬಂದವನು ಹೀಗೆ ಕೇಳಿದಾಗ ನಾನು ಯಾರದೋ ಲಗ್ನಪತ್ರಿಕೆಯ ಪ್ರೂಫ್ ತಿದ್ದುತ್ತ ಕುಳಿತಿದ್ದೆ. ಗೋಕಾಕದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಡಿಟಿಪಿ ಸೆಂಟರ್ ಎಂಬುದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಇರುವುದು ಒಂದೇ ಕಂಪ್ಯೂಟರ್. ಅದು ವಾರದಿಂದ ಮೊಂಡು ಎತ್ತಿನ ಹಾಗೆ ನಡುದಾರಿಯಲ್ಲಿ ನಿಂತುಬಿಡುತ್ತಿತ್ತು. ಏನಾದರೂ ತೆಗೆಯದಿದ್ದರೆ ಇದು ನಡೆಯುವುದಿಲ್ಲ ಎಂಬುದು ರಿಪೇರಿಯವನ ತೀರ್ಪು. ಅವನ ಬೆರಳು ಆಗಲೇ ಡಿಲೀಟ್ ಮೇಲಿತ್ತು.

"ಮುಟ್ಟಬ್ಯಾಡ," ಎಂದೆ.

ದನಿ ಸ್ವಲ್ಪ ಜೋರಾಯಿತೇನೋ. ಅವನು ಕೈ ಹಿಂದಕ್ಕೆಳೆದುಕೊಂಡು ನನ್ನ ಮುಖ ನೋಡಿದ.

ಆ ಗೇಮಿನೊಳಗೆ ಒಬ್ಬ ರಾಜನಿದ್ದಾನೆ. ಅವನ ರಾಜ್ಯದಲ್ಲಿ ಆಗಷ್ಟೇ ಸುಗ್ಗಿ ಮುಗಿದಿದೆ. ಕಂದಾಯ ಬಂದಿದೆ, ಖಜಾನೆ ತುಂಬಿದೆ. ಈ ವರ್ಷ ಆ ದುಡ್ಡನ್ನು ಏನು ಮಾಡಬೇಕೆಂದು ಯಾರಾದರೂ ಬಂದು ಹೇಳಲಿ ಎಂದು ಅವನು ಕಾಯುತ್ತ ಕುಳಿತಿದ್ದಾನೆ. ಹೇಳಬೇಕಾದವನು ನನ್ನ ಅಣ್ಣ ಶಿವಪ್ಪ. ಅವನು ಇನ್ನು ಬರುವುದಿಲ್ಲ. ಈ ಬೇಸಿಗೆಯಲ್ಲಿ ತೀರಿಕೊಂಡ.

(ಕೆಲವು ವಾರ ಅಂಕಣ ಯಾಕೆ ಬರಲಿಲ್ಲ ಎಂದು ಪತ್ರ ಬರೆದವರಿಗೆ ಇದೇ ಉತ್ತರ. ನನಗೆ ಜ್ವರ ಬಂದಿರಲಿಲ್ಲ.)

ಗೇಮಿನಿಂದಲೇ ಶುರು ಮಾಡುತ್ತೇನೆ. ಅದು ರಾಜರ ಕಾಲದ ಆಟ. ಒಂದು ನಕ್ಷೆ, ಅದರಲ್ಲಿ ಹತ್ತಾರು ರಾಜ್ಯ, ಅದರಲ್ಲೊಂದು ನಮ್ಮದು. ಒಂದು ಸಲ ಕ್ಲಿಕ್ ಮಾಡಿದರೆ ಒಂದು ವರ್ಷ ಕಳೆಯುತ್ತದೆ. ಮೇಲೆ ಮೂಲೆಯಲ್ಲಿ ಬಂಗಾರದ ನಾಣ್ಯದ ಚಿತ್ರ, ಅದರ ಪಕ್ಕ ಖಜಾನೆಯ ಮೊತ್ತ. ಅದರಿಂದ ಕೋಟೆ ಕಟ್ಟಬಹುದು, ಕೆರೆ ತೋಡಬಹುದು, ದಂಡು ಸಾಕಬಹುದು. ಏನೂ ಮಾಡದೆ ಸುಮ್ಮನೆ ಕೂಡಿಡಲೂಬಹುದು. ಹಿಂದೊಮ್ಮೆ ಇದೇ ರಿಪೇರಿಯವನು ಬೆಳಗಾವಿಯಿಂದ ಸಿಡಿ ತಂದು ಹಾಕಿಕೊಟ್ಟಿದ್ದ. ಕೆಲಸವಿಲ್ಲದ ಮಧ್ಯಾಹ್ನ ಒಂದೆರಡು ವರ್ಷ ರಾಜ್ಯವಾಳುವುದು ನನಗೆ ಚಟವಾಗಿತ್ತು. ನಮ್ಮ ಯಜಮಾನರು ಗೋಕಾಕ ಫಾಲ್ಸಿನ ಹತ್ತಿ ಮಿಲ್ಲಿನ ಶಿಫ್ಟ್ ಮುಗಿಸಿ ಬಂದು, "ಮಹಾರಾಣಿಯವರ, ಚಹಾ ಸಿಗತೈತೇನ್ರಿ?" ಎನ್ನುತ್ತಿದ್ದರು.

ಅಣ್ಣ ನಮ್ಮ ತವರೂರು ಮಸಗುಪ್ಪಿಯಲ್ಲಿ ಹೊಲ ನೋಡಿಕೊಂಡಿದ್ದವನು. ಸಂತೆಗೆ ಬಂದರೆ ನಮ್ಮ ಮನೆಯಲ್ಲೇ ಊಟ. ಬಸ್ಸಿನ ಹೊತ್ತಾಗುವ ತನಕ ನನ್ನ ಬಾಜೂ ಒಂದು ಕುರ್ಚಿ ಎಳೆದುಕೊಂಡು ಕೂಡುತ್ತಿದ್ದ. ಇಂಗ್ಲಿಷ್ ಬಾರದಿದ್ದರೂ ಅಂಕಿ ಓದಲು ಬರುತ್ತಿತ್ತು. ಒಂದು ದಿನ ಪರದೆಯ ಮೂಲೆಗೆ ಬೆರಳು ತೋರಿಸಿದ.

"ಇದೇನ ತಂಗಿ, ನಾಣ್ಯದ ಬಾಜೂ ಬರದದ್ದು?"

"ಅದು ಖಜಾನಿ, ಅಣ್ಣಾ. ಜನ ಕೊಟ್ಟ ಕಂದಾಯ ಎಲ್ಲಾ ಅಲ್ಲಿ ಕೂಡತೈತಿ."

"ಮತ್ತ ಕೂಡಾಕ ಎಲ್ಲಿ ಬಿಟ್ಟಿ ನೀ? ಬಂದದ್ದ ಬಂದಂಗ ಖರ್ಚ ಮಾಡಾಕತ್ತಿ!"

ಅಂದಿನಿಂದ ಅವನು ನನ್ನ ಮಂತ್ರಿಯಾದ. ಸಂಬಳವಿಲ್ಲದ, ಯಾರೂ ಕರೆಯದ ಮಂತ್ರಿ. ನಾನು ಒಂದು ಪೇಟೆ ಕಟ್ಟಿಸಿದರೆ ಲೊಚಗುಟ್ಟುತ್ತಿದ್ದ. ರಸ್ತೆ ಮಾಡಿಸಿದರೆ, "ಇದ್ದ ರಸ್ತಾಕ್ಕ ಏನಾಗಿತ್ತು?" ಎನ್ನುತ್ತಿದ್ದ. ನಾನು ಖರ್ಚಿನ ಕೈಯವಳು, ಅದರಲ್ಲಿ ಸುಳ್ಳಿಲ್ಲ. ದುಡ್ಡು ಎಂದರೆ ನೀರು, ಹರಿದರೇ ಚೆಂದ ಎಂದು ನಂಬಿದವಳು. ನನ್ನ ರಾಜ್ಯ ನೋಡಲು ಮದುವೆ ಮನೆಯ ಹಾಗೆ ಇತ್ತು.

ಒಂದು ವರ್ಷ ಆ ರಾಜ್ಯಕ್ಕೆ ಮಳೆ ಬೀಳಲಿಲ್ಲ. ಕಂದಾಯ ಬರಲಿಲ್ಲ. ಖಜಾನೆ ತೆಗೆದು ನೋಡಿದರೆ ತಳ ಕಾಣುತ್ತಿತ್ತು. ದಂಡಿಗೆ ಪಗಾರ ಕೊಡಲಾಗದೆ ದಂಡು ಓಡಿಹೋಯಿತು. ಕೊನೆಗೆ ನಾನು ಕಟ್ಟಿಸಿದ ಪೇಟೆಯ ಜನರೇ ಬಂದು ನನ್ನ ಅರಮನೆಗೆ ಬೆಂಕಿ ಇಟ್ಟರು.

ಅಣ್ಣ ನಗು ತಡೆದುಕೊಳ್ಳಲು ನೋಡಿದ, ಆಗಲಿಲ್ಲ. "ಕೂತ ಉಂಡರ ಕುಡಿಕಿ ಹೊನ್ನೂ ಸಾಲೂದಿಲ್ಲ ಅಂತ ಅಪ್ಪ ಸುಮ್ಮ ಹೇಳತಿದ್ನೇನ? ಸರಿ ಬಾಜೂ. ನಾ ಆಡತೇನಿ."

ಅಪ್ಪನ ಹೆಸರು ಬಂದಿತಲ್ಲ, ಇಲ್ಲೇ ಹಗೇವಿನ ವಿಷಯ ಹೇಳಿಬಿಡಬೇಕು. ಸಣ್ಣ ವಯಸ್ಸಿನ ಓದುಗರು ನೋಡಿರಲಿಕ್ಕಿಲ್ಲ. ಮನೆಯ ಮುಂದೆ ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೊಟ್ಟೆ ದೊಡ್ಡದು. ಸುತ್ತ ಹುಲ್ಲು ಕೊಟ್ಟು ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಮುಗಿಯಿತು. ಹುಳು ಇಲ್ಲ, ನುಸಿ ಇಲ್ಲ, ಕಳ್ಳರ ಕಾಟವಿಲ್ಲ. ತಗಡಿನ ಪೀಪಾಯಿ ಬಂದ ಮೇಲೆ ಊರಿನ ಹಗೇವುಗಳೆಲ್ಲ ಮಣ್ಣು ಮುಚ್ಚಿಹೋದವು. ನಮ್ಮ ಅಂಗಳದ್ದೊಂದು ಉಳಿದಿತ್ತು.

ಉಳಿದದ್ದು ಅಪ್ಪನ ಮಾತಿನಿಂದ. "ಹಗೇವು ಖಾಲಿ ಇಡಬ್ಯಾಡ್ರಿ" ಎನ್ನುತ್ತಿದ್ದ ಅಪ್ಪ. ಬರಗಾಲ ಕಂಡವನು. ಅವನು ಹೋದ ಮರುವರ್ಷ ಜೋಳ ಚೆನ್ನಾಗಿ ಬೆಳೆಯಿತು. ಅಣ್ಣ ಹಗೇವನ್ನು ಅರ್ಧಕ್ಕಿಂತ ಹೆಚ್ಚು ತುಂಬಿ ಬಾಯಿ ಮುಚ್ಚಿದ. ಮುಚ್ಚಿದ್ದು ಮುಚ್ಚಿದ್ದೇ. ಆಮೇಲೆ ಎಷ್ಟೋ ಸುಗ್ಗಿ ಬಂದವು, ಹೋದವು, ಅದರ ಕಲ್ಲು ಅಲುಗಲಿಲ್ಲ. ಬೆಳೆ ಕಡಿಮೆಯಾದ ವರ್ಷ ನಮ್ಮ ವೈನಿ, ಅಣ್ಣನ ಹೆಂಡತಿ ಮಲ್ಲವ್ವ, ಪೇಟೆಯಿಂದ ಜೋಳ ತರಬೇಕಾಯಿತು. ಚೀಲ ಹೊತ್ತು ಬಂದು ಅದೇ ಕಲ್ಲಿನ ಮೇಲೆ ಇಳಿಸಿ, "ಕಾಲ ಕೆಳಗ ಜೋಳ, ನೆತ್ತಿ ಮ್ಯಾಲೂ ಜೋಳ. ನಡುವ ಹೇರ ಹೊರೂ ಕತ್ತಿ ನಾ," ಎಂದಿದ್ದಳು. ಅಣ್ಣ ನಕ್ಕಿದ್ದ. ಅವನು ಜಿಪುಣನಲ್ಲ. ಬಂದವರಿಗೆ ಇಕ್ಕದೆ ಕಳಿಸಿದವನಲ್ಲ. ಹಗೇವೊಂದನ್ನು ಮಾತ್ರ ಮುಟ್ಟಲಾರದವನಾಗಿದ್ದ, ಅಷ್ಟೇ.

ಗೇಮಿನಲ್ಲೂ ಅವನದು ಅದೇ ಕಥೆ. ಕೋಟೆಯ ಗೋಡೆ ಮೊದಲ ವರ್ಷ ಎಷ್ಟಿತ್ತೋ ಅಷ್ಟೇ. ದಂಡು ನಾಲ್ಕಾಳು. ಖಜಾನೆಯ ಅಂಕಿ ಮಾತ್ರ ಸಂತೆಯಿಂದ ಸಂತೆಗೆ ಉದ್ದವಾಗುತ್ತ ಹೋಯಿತು. "ಅಣ್ಣಾ, ಗ್ವಾಡಿಗರ ರೊಕ್ಕ ಹಾಕೋ" ಎಂದರೆ "ಅವಸರ ಇದ್ದಾಗ ಹಾಕೂಣು, ರೊಕ್ಕ ಎಲ್ಲಿ ಓಡಿ ಹೋಗತೈತಿ?" ಎನ್ನುತ್ತಿದ್ದ. ಬಸ್ಸಿಗೆ ಹೊರಡುವ ಮುನ್ನ ಆ ಅಂಕಿಯನ್ನು ಇನ್ನೊಮ್ಮೆ ನೋಡಿ ಚಪ್ಪಲಿ ಮೆಟ್ಟುತ್ತಿದ್ದ.

ರೊಕ್ಕ ಓಡಿ ಹೋಗಲಿಲ್ಲ. ಅದನ್ನು ಒಯ್ಯುವವರೇ ಬಂದರು. ಖಜಾನೆ ತುಂಬಿ ಗೋಡೆ ಗಿಡ್ಡವಾಗಿರುವ ಊರು ಪಕ್ಕದ ರಾಜರ ಕಣ್ಣಿಗೆ ಬೀಳುವ ಹಾಗೆ ಆ ಗೇಮ್ ಮಾಡಿದ್ದಾರೆ. ಒಂದು ಮಧ್ಯಾಹ್ನ ಎರಡು ಕಡೆಯಿಂದ ದಂಡು ಬಂದು ಕೋಟೆಯನ್ನು ಮುತ್ತಿತು. ಅಣ್ಣ ಕುರ್ಚಿಯಿಂದ ಎದ್ದು ನಿಂತ.

"ದಂಡ ಕಟ್ಟ ತಂಗಿ! ಎಷ್ಟ ಖರ್ಚಾದ್ರೂ ಚಿಂತಿಲ್ಲ!"

"ದಂಡ ತಯಾರಾಗಾಕ ವರ್ಷ ಬೇಕ ಅಣ್ಣಾ. ವೈರಿ ಬಾಗಲಾಗ ನಿಂತಾನ."

"ರೊಕ್ಕ ಐತೆಲ್ಲ!"

"ರೊಕ್ಕ ಐತಿ. ಟೈಮ್ ಇಲ್ಲ."

ಕೋಟೆ ಬಿತ್ತು. ಅಂಕಿ ಇದ್ದ ಜಾಗದಲ್ಲಿ ಸೊನ್ನೆ ಬಂತು. ಅಣ್ಣ ತಲೆಯ ಪಟಗಾ ತೆಗೆದು ಮುಖ ಒರೆಸಿಕೊಂಡ. "ಪೂರಾ ಒಯ್ದರೇನ?" ಎಂದ. ಪೂರಾ ಎಂದೆ. ಚಪ್ಪಲಿ ಮೆಟ್ಟುತ್ತ, "ಹಂಗಾರ ಇಷ್ಟ ದಿನ ಅವಂದ ಕಾಯ್ದಂಗಾತು ನಾ," ಎಂದ.

ನಾನು ಅದನ್ನು ಚಾಷ್ಟಿ, ಬರೀ ತಮಾಷೆ ಎಂದುಕೊಂಡೆ. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಂಡು ಬಸ್ಸು ಹತ್ತಿದ್ದ.

ಮುಂದಿನ ಸಂತೆಗೆ ಬಂದಾಗ ಅವನ ಕೈಯಲ್ಲಿ ಒಂದು ರಟ್ಟಿನ ಡಬ್ಬಿ ಇತ್ತು. ಟೇಬಲ್ ಮೇಲೆ ಇಟ್ಟು, ಬಿಚ್ಚಿ ತೋರಿಸಿದ. ಚಾರ್ಜರ್ ಲೈಟು. ಕರೆಂಟಿನಲ್ಲಿ ಚಾರ್ಜ್ ಮಾಡಿ ಇಟ್ಟರೆ ಕರೆಂಟ್ ಹೋದಾಗ ಬೆಳಗುತ್ತದಲ್ಲ, ಅದು. "ಖರ್ಚ ಮಾಡಿದೆ ನೋಡ ತಂಗಿ! ನಿಮ್ಮ ವೈನಿ ಕಂದೀಲ ಹೊಗಿಯಾಗ ರೊಟ್ಟಿ ಬಡದ ಬಡದ ಕಣ್ಣ ಕೆಡಿಸ್ಕೊಂಡಾಳ. ಇನ್ನ ಕಂದೀಲ ಅಟ್ಟಕ್ಕ."

ನಾನು ಕೈ ತಟ್ಟಿ ನಕ್ಕೆ. ಅವನ ಮಾತು ಮುಗಿದಿರಲಿಲ್ಲ.

"ಹಗೇವು ತಗೀತೇನಿ."

"ಖರೇನ?"

"ಖರೆ. ಒಯ್ಯೋರ ಬರೂದರಾಗ ನಾವ ಉಣ್ಣೂಣು. ಈ ಸಲ ಬಸವ ಜಯಂತಿಗೆ ಊರ ದಾಸೋಹದ ರೊಟ್ಟಿ ನಮ್ಮ ಹಗೇವಿನ ಜೋಳದ್ದು. ಐತವಾರ ಬಾ. ನಿನಗೊಂದ ಚೀಲ ಕಟ್ಟಿ ಕಳಸ್ತೇನಿ."

ಆಮೇಲೆ ಕುರ್ಚಿ ಎಳೆದುಕೊಂಡು ಹೊಸ ರಾಜ್ಯ ಶುರು ಮಾಡಿದ. ಈ ಸಲ ಮೊದಲ ವರ್ಷವೇ ಕೋಟೆಗೆ ಗೋಡೆ ಹಾಕಿಸಿದ. ಎರಡನೆಯ ವರ್ಷ ಕೆರೆ ತೋಡಿಸಿದ. ಮೂರನೆಯ ಸುಗ್ಗಿಯ ಕಂದಾಯ ಬಂದು ಬೀಳುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು. "ಇದನ್ನ ಹ್ಯಾಂಗ ಖರ್ಚ ಮಾಡೂದ ಅಂತ ವಿಚಾರ ಮಾಡ್ಕೊಂಡ ಬರ್ತೇನಿ," ಎಂದು ಎದ್ದ. ರಿಪೇರಿಯವನು ಅಳಿಸಲು ಹೊರಟಿದ್ದು ಈ ರಾಜ್ಯವನ್ನು.

ಐತವಾರ ಬೆಳಿಗ್ಗೆ ನಾನು ಮಸಗುಪ್ಪಿಯಲ್ಲಿದ್ದೆ.

ಅಂಗಳ ಸಾರಿಸಿದ್ದರು. ವೈನಿ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆಸಿದಳು. ಅಣ್ಣನೂ ಬಾಜೂ ಮನೆಯ ಬಾಳಪ್ಪನೂ ಹಾರೆ ಕೊಟ್ಟು ಚಪ್ಪಡಿ ಸರಿಸಿದರು. ಒಳಗಿನಿಂದ ಹುಳಿಹುಳಿ ವಾಸನೆ ಬಂತು. ಹಗೇವಿನ ಜೋಳಕ್ಕೆ ಆ ವಾಸನೆ ಇರುವುದೇ, ಸಣ್ಣವರಿದ್ದಾಗಿನಿಂದ ನಮಗೆ ಗೊತ್ತು. ನನಗೆ ಅಪ್ಪನ ನೆನಪಾಯಿತು. ಅಣ್ಣನಿಗೂ ಆಗಿರಬೇಕು.

"ಅಪ್ಪ ಏನ ಹೇಳಿದ್ದ ನೆನಪೈತೇನ ತಂಗಿ?" ಎಂದ.

ಯಾಕಿಲ್ಲ? ಇಬ್ಬರಿಗೂ ಬಾಯಿಪಾಠ. ಹಗೇವು ತೆಗೆಯುವ ದಿನ ಅಪ್ಪ ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ, ಕಟ್ಟೆಯ ಮೇಲೆ ಕೂಡಿಸಿ ಅಲ್ಲಿಂದಲೇ ಹೇಳುತ್ತಿದ್ದ: "ಮದಲ ದೀಪ ಇಳಸೂದು. ದೀಪ ಆರಲಿಲ್ಲಂದ್ರ ಮನಶಾ ಇಳಿಯೂದು. ಆರಿತಂದ್ರ ದೂರ ಸರಿಯೂದು." ಇಷ್ಟೇ. ಯಾಕೆ ಎಂದು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಅಪ್ಪನ ಮಾತಿಗೆ ಯಾಕೆ ಎನ್ನುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. (ನಿಮ್ಮ ಮನೆಯಲ್ಲಿತ್ತೇ?)

"ಏ, ದೀಪ ತಾ," ಎಂದು ಅಣ್ಣ ಕೂಗಿದ.

"ಕಂದೀಲ ಅಟ್ಟದ ಮ್ಯಾಲ ಹಾಕೇರಿ. ಚಿಮಣಿ ಎಣ್ಣಿನೂ ತೀರೇತಿ," ಎಂದಳು ವೈನಿ ಒಳಗಿನಿಂದ.

"ಚಾರ್ಜರ್ ಲೈಟ್ ತಾರ. ಅದರಾಗ ಇನ್ನೂ ಛಲೋ ಕಾಣತೈತಿ."

ಲೈಟಿನ ಹಿಡಿಕೆಗೆ ಹಗ್ಗ ಕಟ್ಟಿ ಇಳಿಸಿದರು. ನಾವೆಲ್ಲ ಬಗ್ಗಿ ನೋಡಿದೆವು. ಅಷ್ಟು ವರ್ಷ ಕತ್ತಲೆಯಲ್ಲಿದ್ದ ಜೋಳ ಆ ಬಿಳಿ ಬೆಳಕಿಗೆ ಹೊಳೆಯಿತು. ಎಷ್ಟು ಚೆಂದ ಕಾಣಿಸಿತು ಎಂದರೆ ವೈನಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅಣ್ಣ ಹಗ್ಗ ಹಿಡಿದು ಕಾದ. ಶಾಸ್ತ್ರಕ್ಕೆ ಒಂದಿಷ್ಟೂ ಕಡಿಮೆ ಮಾಡಲಿಲ್ಲ.

"ಆರಿಲ್ಲ ನೋಡ್ರಿ," ಎಂದ. ಅಪ್ಪನಿಗೆ ಪಾಠ ಒಪ್ಪಿಸಿದವನ ಹಾಗೆ ಇತ್ತು ಅವನ ದನಿ.

ಇಳಿದ. ಬುಟ್ಟಿಯನ್ನು ಮೇಲಿನಿಂದ ಬಿಟ್ಟರು. "ಕಾಳ ಛಲೋ ಅದಾವ, ನುಸಿ ಹತ್ತಿಲ್ಲ" ಎಂದು ಕೂಗಿದ. ವೈನಿ ನನ್ನ ಕಡೆ ನೋಡಿ ನಕ್ಕಳು. ಆಮೇಲೆ ಅಣ್ಣ ಏನೋ ಹೇಳಲು ಹೊರಟ, ಮಾತು ಅರ್ಧಕ್ಕೆ ನಿಂತಿತು. ಜೋಳ ತುಂಬುತ್ತಿದ್ದಾನೆ ಎಂದುಕೊಂಡೆವು. ಬಾಳಪ್ಪ ಹಗ್ಗ ಅಲುಗಿಸಿ, "ಶಿವಪ್ಪಣ್ಣ, ಎಳೀಲೇನ?" ಎಂದ. ಉತ್ತರ ಬರಲಿಲ್ಲ. ಬಗ್ಗಿ ನೋಡಿದರೆ ಅಣ್ಣ ಜೋಳದ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಮಲಗಿದವರ ಹಾಗೆ.

ಬಾಳಪ್ಪ ಅಂಗಿ ಕಳಚಿ ಇಳಿಯಲು ಹೊರಟ. ವೈನಿ ಅವನ ಧೋತರ ಹಿಡಿದು ಜಗ್ಗಿದಳು. "ಬ್ಯಾಡೋ ಎಪ್ಪಾ, ನಿನ್ನ ಮಕ್ಕಳ ಸಣ್ಣವ!" ಎಂದು ಚೀರಿದಳು. ಏನಾಗಿದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಒಳಗೆ ಹೋದವನು ಮಾತಾಡುತ್ತಿಲ್ಲ ಎಂಬುದಷ್ಟೇ ಗೊತ್ತಿತ್ತು. ಆ ಕ್ಷಣದಲ್ಲಿ ಅವಳಿಗೆ ಅದೆಲ್ಲಿಂದ ಬುದ್ಧಿ ಬಂತೋ, ಇಲ್ಲದಿದ್ದರೆ ಅಂದು ಎರಡು ಮನೆಯಲ್ಲಿ ಅಳು ಕೇಳುತ್ತಿತ್ತು.

ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ತಂದರು. ಅದರ ಕೊಕ್ಕೆ ಅಂಗಿಗೆ ಸಿಕ್ಕಿತು, ಹರಿಯಿತು, ಮತ್ತೆ ಸಿಕ್ಕಿತು. ನನ್ನ ಅಣ್ಣನನ್ನು ಹಾಗೆ ಎತ್ತಿದರು. ಟೆಂಪೋದಲ್ಲಿ ಗೋಕಾಕಕ್ಕೆ ಒಯ್ದೆವು. ದಾರಿಯುದ್ದಕ್ಕೂ ನಾನು ಅವನ ಅಂಗಾಲು ತಿಕ್ಕುತ್ತಿದ್ದೆ. ಡಾಕ್ಟರು ನಾಡಿ ಹಿಡಿದು ನೋಡಿ, ನಮ್ಮ ಮುಖ ನೋಡಿ, ಕೈ ಬಿಟ್ಟರು.

ನಮ್ಮಲ್ಲಿ ಸುಡುವುದಿಲ್ಲ. ಕುಣಿ ತೋಡಿ ಕೂಡಿಸುತ್ತೇವೆ. ಬೆಳಿಗ್ಗೆ ಒಂದು ಕುಣಿಯಿಂದ ಎತ್ತಿದವನನ್ನು ಮರುದಿನ ಇನ್ನೊಂದು ಕುಣಿಗೆ ಇಳಿಸಿದರು. ಬಿಲ್ವಪತ್ರೆ, ವಿಭೂತಿ, ಮೇಲೆ ಮಣ್ಣು. ಆ ಮಣ್ಣಿನ ಸಪ್ಪಳ ಬರೆಯಲು ನನಗೆ ಬರುವುದಿಲ್ಲ.

ಆಮೇಲೆ ಜನ ಬಂದರು. ಸಾವಿನ ಮನೆಗೆ ಬಂದವರು ಸುಮ್ಮನೆ ಕೂತು ಹೋದರೆ ಎಷ್ಟು ಚೆನ್ನ! ಒಬ್ಬರು ಹಣೆಬರಹ ಎಂದರು. ಒಬ್ಬರು, ಕೂಡಿಟ್ಟು ಉಣ್ಣದವರ ಗತಿಯೇ ಇಷ್ಟು ಎಂದು ಕಟ್ಟೆಯ ಮೇಲೆ ಕೂತು ವೈನಿಗೆ ಕೇಳಿಸುವ ಹಾಗೆ ಅಂದರು. ಇನ್ನೊಬ್ಬರಂತೂ, "ಕಂಪ್ಯೂಟರಿನಾಗ ಆಟ ಆಡಿ ತಲಿ ಕೆಟ್ಟಿತ್ತಂತಲ್ಲ, ಅದಕ್ಕ ಹಗೇವು ತಗದನಂತ," ಎಂದರು, ನನ್ನನ್ನೇ ನೋಡುತ್ತ. ಒಬ್ಬರ ಪ್ರಕಾರ ಅಣ್ಣ ಉಳಿಸಿದ್ದಕ್ಕೆ ಸತ್ತ, ಇನ್ನೊಬ್ಬರ ಪ್ರಕಾರ ಖರ್ಚು ಮಾಡಲು ಹೋಗಿದ್ದಕ್ಕೆ ಸತ್ತ. ನನಗೆ ಬಂದ ಸಿಟ್ಟಿಗೆ ಚಹಾದ ಲೋಟ ಎತ್ತಿ ಒಗೆಯಬೇಕೆನಿಸಿತು.

ಹುಕ್ಕೇರಿಯಿಂದ ನಮ್ಮ ಅತ್ತಿ ಬಂದಳು. ಅಪ್ಪನ ತಂಗಿ. ಬಹಳ ವಯಸ್ಸಾಗಿದೆ, ಮಂಡಿ ನೋವು, ಸುದ್ದಿ ಮುಟ್ಟಿದ್ದೂ ತಡ. ಅದೇ ಅಂಗಳದಲ್ಲಿ ಆಡಿ ಬೆಳೆದವಳು. ಅತ್ತು ಮುಗಿದ ಮೇಲೆ ವೈನಿಯ ಕೈ ಹಿಡಿದುಕೊಂಡು ಒಂದೇ ಮಾತು ಕೇಳಿದಳು.

"ದೀಪ ಇಳಿಸಿರಲಿಲ್ಲೇನ ಮಲ್ಲವ್ವ?"

"ಇಳಿಸಿದ್ವಿ ಅತ್ತಿ. ಆರಲಿಲ್ಲ."

"ಆರಲಿಲ್ಲ? ಹಂಗ ಆಗಾಕ ಸಾಧ್ಯನ ಇಲ್ಲ. ಯಾವ ದೀಪ?"

ವೈನಿ ಎದ್ದು ಹೋಗಿ ಗೂಡಿನಿಂದ ಚಾರ್ಜರ್ ಲೈಟು ತಂದಳು. ಗುಂಡಿ ಒತ್ತಿದಳು. ಬೆಳಗಿತು. ಅತ್ತಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಊದಿ ನೋಡಿದಳು. ಅದು ಹಾಗೇ ಬೆಳಗುತ್ತಿತ್ತು.

"ಯವ್ವಾ," ಎಂದಳು, "ಇದು ಹ್ಯಾಂಗ ಆರತೈತಿ?"



"ದೀಪ ಇಳಸೂದು ಕಾಣಲಿ ಅಂತಲ್ಲ," ಎಂದಳು ಅತ್ತಿ. "ಒಳಗ ಉಸರ ಐತೋ ಇಲ್ಲೋ ನೋಡಾಕ. ಮುಚ್ಚಿಟ್ಟ ಹಗೇವಿನಾಗ ಗಾಳಿ ಸತ್ತಿರತೈತಿ. ಉರಿಗೆ ಉಸರ ಸಿಗಲಿಲ್ಲಂದ್ರ ಮನಶಾಗ ಎಲ್ಲಿಂದ ಸಿಗಬೇಕ? ನಮ್ಮಣ್ಣ ಬಾಯಿ ತಗದ ಒಂದ ದಿನ ಹಂಗ ಬಿಡತಿದ್ದ. ಆಮ್ಯಾಲ ಕಂದೀಲ. ಅದು ಉರದರ ಇಳಿಯೂದು. ಇದನ್ನ ಹೇಳಿರಲಿಲ್ಲೇನ ನಿಮಗ?"

ಹೇಳಿದ್ದ. ಕಾರಣವನ್ನಲ್ಲ, ದೀಪದ ಮಾತನ್ನಷ್ಟೇ, ಅಕ್ಷರ ಬಿಡದೆ ಹೇಳಿದ್ದ. ನಾವೂ ಅಕ್ಷರ ಬಿಡದೆ ಮಾಡಿದೆವು.

ಊರಿನವರು ಹಗೇವಿಗೆ ಕಲ್ಲು ಮಣ್ಣು ತುಂಬಿ ಮುಚ್ಚಿಬಿಡೋಣ ಎಂದು ಟ್ರಾಲಿ ಗೊತ್ತು ಮಾಡಿದ್ದರು. ವೈನಿ ಬೇಡ ಎಂದಳು. "ಮದಲ ನಾ ನೋಡಬೇಕ," ಎಂದಳು. ಅಟ್ಟದಿಂದ ಕಂದೀಲು ಇಳಿಸಿ, ಗಾಜು ಒರೆಸಿ, ಬಾಳಪ್ಪನ ಮನೆಯಿಂದ ಎಣ್ಣೆ ತಂದು ಹಾಕಿ ಹಚ್ಚಿದಳು. ಅಣ್ಣ ಹೋದ ದಿನವೇ ಮತ್ತೆ ಮುಚ್ಚಿದ್ದ ಚಪ್ಪಡಿಯನ್ನು ಬಾಳಪ್ಪ ಸರಿಸಿದ. ಅತ್ತಿ ಎಲ್ಲರನ್ನೂ ದೂರ ನಿಲ್ಲಿಸಿದಳು. ವೈನಿ ತಾನೇ ಹಗ್ಗ ಹಿಡಿದು ಇಳಿಸಿದಳು.

ಬಾಯಿ ದಾಟಿತು, ಉರಿಯುತ್ತಿತ್ತು. ಇನ್ನೊಂದಿಷ್ಟು ಇಳಿಯಿತು. ಉರಿ ಸಣ್ಣಗಾಯಿತು, ಹಳದಿ ಬೊಟ್ಟಿನಷ್ಟಾಯಿತು, ಆರಿತು. ಮೇಲೆತ್ತಿ, ಹಚ್ಚಿ, ಮತ್ತೆ ಇಳಿಸಿದಳು. ಅದೇ ಜಾಗದಲ್ಲಿ ಮತ್ತೆ ಆರಿತು. ವೈನಿ ಹಗ್ಗ ಹಿಡಿದುಕೊಂಡೇ ನಿಂತಿದ್ದಳು. ಅಳಲಿ ಎಂದು ನಾನು ಕಾಯುತ್ತಿದ್ದೆ. ಅವಳು ಅಳಲಿಲ್ಲ.

"ಇಷ್ಟ ಇತ್ತೇನ?" ಎಂದಳು. "ಇಷ್ಟಕ್ಕ ಹ್ವಾದ್ನೇನ?"

ಹಗೇವಿನ ಬಾಯಿ ತೆಗೆದಿಟ್ಟು, ಕಂದೀಲು ಆರದೆ ಉರಿಯುವ ತನಕ ಕಾದು, ಜೋಳವನ್ನೆಲ್ಲ ತೆಗೆಸಿದಳು. ಬಸವ ಜಯಂತಿ ಆಗಲೇ ಮುಗಿದುಹೋಗಿತ್ತು. ಆದರೂ ಊರಿಗೆಲ್ಲ ರೊಟ್ಟಿ ಬಡಿಸಿದಳು. ನನಗೆ ಹೇಳಿದ್ದ ಚೀಲ ನನ್ನ ಮನೆಗೆ ಬಂತು. ಜೋಳ ಬಹಳ ಚೆನ್ನಾಗಿತ್ತು. ಒಂದು ಕಾಳು ಕೆಟ್ಟಿರಲಿಲ್ಲ. ನನಗೆ ಅದಕ್ಕೇ ಸಿಟ್ಟು ಬಂತು. ಕಾಳನ್ನು ಅಷ್ಟು ಜೋಪಾನ ಮಾಡಿದವರು ನಾವು, ಆ ಕಾಳು ತೆಗೆಯುವ ರೀತಿಯನ್ನು ಹುಳು ತಿನ್ನಲು ಬಿಟ್ಟಿದ್ದೆವು.

ಉಳಿಸಬೇಕೋ ಖರ್ಚು ಮಾಡಬೇಕೋ ಎಂದು ನಾನೂ ಅಣ್ಣನೂ ಎಷ್ಟು ಮಧ್ಯಾಹ್ನ ಜಗಳವಾಡಿದ್ದೇವೆ! ಆಟದಲ್ಲಿ ಇಬ್ಬರೂ ಸೋತೆವು. ಖಾಲಿ ಖಜಾನೆ ನನ್ನನ್ನು ಸೋಲಿಸಿತು, ತುಂಬಿದ ಖಜಾನೆ ಅವನನ್ನು. ಕೊನೆಗೆ ಅವನು ಕೂಡಿಟ್ಟದ್ದೊಂದು, ಖರ್ಚು ಮಾಡಿ ತಂದದ್ದೊಂದು, ಎರಡೂ ಸೇರಿ ಅವನನ್ನು ತಿಂದವು. ಜೋಳ ಉಳಿಸಿದ್ದು ತಪ್ಪೇ? ಬರ ಕಂಡ ಮನೆ ಅದು. ಹೆಂಡತಿಯ ಕಣ್ಣಿಗೆಂದು ಲೈಟು ಕೊಂಡದ್ದು ತಪ್ಪೇ? ನನಗಂತೂ ಬಯ್ಯಲು ಯಾವುದೂ ಸಿಗುತ್ತಿಲ್ಲ, ಬಯ್ಯಲು ಸಿಕ್ಕಿದ್ದರೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು. ಗೇಮಿನಲ್ಲಿ ಖಜಾನೆ ತೆರೆಯಲು ಒಂದು ಗುಂಡಿ ಒತ್ತಿದರೆ ಸಾಕು. ಅದನ್ನು ತೆರೆಯುವುದು ಹೇಗೆ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಅಲ್ಲಿ ಗಾಳಿ ಸಾಯುವುದಿಲ್ಲ.

ಹಗೇವು ಒಂದೇ ಅಲ್ಲ. ಮನೆಯ ಹಿರಿಯರು ಬಿಟ್ಟುಹೋದ ಎಷ್ಟು ಮಾತು ನಮ್ಮ ಬಾಯಲ್ಲಿವೆ! ಇದನ್ನು ಹೀಗೇ ಮಾಡು, ಅದನ್ನು ಆ ದಿನ ಮುಟ್ಟಬೇಡ, ಇಲ್ಲಿ ದೀಪ ಇಡು. ಕೆಲವನ್ನು ನಾವು ಮೂಢನಂಬಿಕೆ ಎಂದು ಬಿಡುತ್ತೇವೆ. ಕೆಲವನ್ನು ಭಕ್ತಿಯಿಂದ ಪಾಲಿಸುತ್ತೇವೆ, ಎಣ್ಣೆ ದೀಪದ ಬದಲು ಬಲ್ಬು ಹಚ್ಚಿ. ಪಾಲಿಸಿದವನಿಗೂ ಬಿಟ್ಟವನಿಗೂ ಒಳಗಿನ ಕಾರಣ ಗೊತ್ತಿರುವುದಿಲ್ಲ. ಅಣ್ಣ ಅಪ್ಪನ ಮಾತು ಮೀರಿದ್ದರೆ ನಾವು ಅವನನ್ನೇ ದೂರಿ ಸುಮ್ಮನಾಗುತ್ತಿದ್ದೆವು. ಅವನು ಮೀರಲಿಲ್ಲ.

ರಿಪೇರಿಯವನು ಇನ್ನೂ ಕಾಯುತ್ತಿದ್ದ. "ಹಂಗಾರ ಏನ ತಗೀಲಿ ಅಕ್ಕಾರ?" ಎಂದ. ನನ್ನ ಹಳೆಯ ಅಂಕಣಗಳ ಫೋಲ್ಡರ್ ತೋರಿಸಿದೆ. ಅವು ಹೇಗೂ ಒಮ್ಮೆ ಅಚ್ಚಾಗಿವೆ, ಎಷ್ಟೋ ಮನೆಯಲ್ಲಿ ಚುರುಮುರಿಯ ಪೊಟ್ಟಣವೂ ಆಗಿವೆ. ಅಳಿಸಿದ. ಕಂಪ್ಯೂಟರ್ ಈಗ ಚೆನ್ನಾಗಿ ನಡೆಯುತ್ತಿದೆ. ರಾಜನೂ ಇದ್ದಾನೆ, ತುಂಬಿದ ಖಜಾನೆಯ ಮುಂದೆ, ಮೂರನೆಯ ಸುಗ್ಗಿಯಲ್ಲಿ. ನಾನು ಆ ಗೇಮ್ ತೆರೆದಿಲ್ಲ.

ಅತ್ತಿ ಇನ್ನೂ ಹುಕ್ಕೇರಿಯಲ್ಲಿ ಗಟ್ಟಿಯಾಗಿದ್ದಾಳೆ. ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಹಗೇವು ತೆಗೆಯುವ ಮುನ್ನ ನಮ್ಮಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ.

ನಿಮ್ಮ ಮನೆಯ ಅತ್ತಿಯನ್ನು ನೀವು ಕಡೆಯ ಸಲ 'ಯಾಕೆ' ಎಂದು ಕೇಳಿದ್ದು ಯಾವಾಗ?